ಮಹಡಿಗೆ ಮೊದಲು ನೀರು: ಬೆಂಗಳೂರಿನ ಹೊರವರ್ತುಲ ರಸ್ತೆಯಾಚೆಯ ನಿವಾಸಿಗಳ ಹಕ್ಕೊತ್ತಾಯ ಪತ್ರ

ಇವರಿಗೆ: ನಗರಾಭಿವೃದ್ಧಿ ಇಲಾಖೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಾಗೂ ಗ್ರೇಟರ್ ಬೆಂಗಳೂರು ಪ್ರಾಧಿಕಾರ

ಮಾನ್ಯರೇ,

ಈ ಪತ್ರಕ್ಕೆ ಸಹಿ ಹಾಕಿದವರಲ್ಲಿ ಹಳೇ ಊರಿನವರಿದ್ದಾರೆ, ಸೈಟು ಕೊಂಡು ಮನೆ ಕಟ್ಟಿದವರಿದ್ದಾರೆ, ಹದಿನಾಲ್ಕನೇ ಮಹಡಿಯವರಿದ್ದಾರೆ, ಬಾಡಿಗೆಯವರೂ ಇದ್ದಾರೆ. ಎತ್ತರದ ಕಟ್ಟಡವೇ ಬೇಡ ಎನ್ನುವವರು ನಾವಲ್ಲ. ಕೆಲಸ ಹುಡುಕಿ ಬಂದವರಿಗೆ ಸೂರು ಬೇಕು. ಊರು ಅಡ್ಡಡ್ಡ ಹಬ್ಬಿ ಕೆರೆ-ತೋಟ ನುಂಗುವುದಕ್ಕಿಂತ ಮೇಲಕ್ಕೆ ಬೆಳೆಯುವುದು ವಾಸಿ. ನಮ್ಮ ತಕರಾರಿರುವುದು ಸರದಿಯ ಬಗ್ಗೆ. ಇಲ್ಲಿ ಮೊದಲು ಮಹಡಿ ಏಳುತ್ತದೆ, ಆಮೇಲೆ ಜನ ಬರುತ್ತಾರೆ, ನೀರು ಮತ್ತು ಚರಂಡಿಯ ಮಾತು ಕೊನೆಗೆ ಬರುತ್ತದೆ.

ಆದ್ದರಿಂದ ನಮ್ಮ ಒತ್ತಾಯಗಳು:

1. ಹೊಸ ಮಹಾಯೋಜನೆ ಬೇಕು. 2007ರಲ್ಲಿ ಒಪ್ಪಿಗೆಯಾದ, 2015ರವರೆಗೆಂದು ಬರೆದ ಯೋಜನೆಯನ್ನೇ ಇನ್ನೂ ಎಳೆಯುತ್ತಿದ್ದೇವೆ. 2031ರ ಯೋಜನೆಯ ಕರಡು 2017ರಲ್ಲಿ ಹೊರಬಿತ್ತು, ಜನ ಆಕ್ಷೇಪಣೆಗಳನ್ನೂ ಬರೆದರು, ಕೊನೆಗೆ ಅದನ್ನು ವಾಪಸ್ ಪಡೆಯಲಾಯಿತು. ಹೊಸದು ಬರುವ ತನಕ ಒಂದೊಂದೇ ಸರ್ವೆ ನಂಬರಿಗೆ ಭೂಬಳಕೆ ಬದಲಾಯಿಸುವುದು ನಿಲ್ಲಲಿ. ತೀರಾ ಅನಿವಾರ್ಯವಾದರೆ ಆ ಜಾಗದಲ್ಲೇ, ದಾರಿಹೋಕರಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಫಲಕ ಹಾಕಿ.

2. ನೀರಿನ ಲೆಕ್ಕ ಕೊಡದೆ ನಕ್ಷೆಗೆ ಮಂಜೂರಾತಿ ಬೇಡ. ಎಫ್‌ಎಆರ್ (ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) ಹೆಚ್ಚಿಸಲು ಒಂದು ಆದೇಶ ಸಾಕು. ಕಾವೇರಿ ಹಾಗೆ ಹೆಚ್ಚುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ ಅಡಿ. ಆ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಕರೆಂಟು ಸುಟ್ಟು, ಮೇಲಕ್ಕೆತ್ತಿ ತರಬೇಕು. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ಮಾಡಿದ ಐದನೇ ಹಂತ ಉದ್ಘಾಟನೆಯಾಗುವಾಗ 2024ರ ಅಕ್ಟೋಬರ್ ಬಂದಿತ್ತು. ಅದು ತರುವುದು ದಿನಕ್ಕೆ 77.5 ಕೋಟಿ ಲೀಟರ್. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಹಾರನ್ ಕೇಳಿದರೆ ಎದ್ದು ಓಡುತ್ತಿದ್ದವರು ನಾವು. ಮಹಡಿಯವರೂ ಅಷ್ಟೇ, ನೆಲದವರೂ ಅಷ್ಟೇ. ಇಷ್ಟು ಮನೆಗಳಿಗೆ ಯಾವ ಕೊಳವೆಯಿಂದ ಎಷ್ಟು ನೀರು ಎಂಬುದನ್ನು ಜಲಮಂಡಳಿ ಬರೆದುಕೊಡಲಿ, ಆ ಕಾಗದ ನಕ್ಷೆಯ ಜೊತೆಗೇ ಪ್ರಕಟವಾಗಲಿ. ‘ಟ್ಯಾಂಕರ್ ಮೂಲಕ’ ಎಂಬ ಉತ್ತರವನ್ನು ಉತ್ತರವೆಂದು ಒಪ್ಪಬೇಡಿ.

3. ರಸ್ತೆಯ ಅಗಲವನ್ನು ಅದರ ಇಕ್ಕಟ್ಟಿನ ಜಾಗದಲ್ಲಿ ಅಳೆಯಿರಿ. ಎಷ್ಟು ಕಟ್ಟಬಹುದೆಂಬುದನ್ನು ನಿವೇಶನದ ಮುಂದಿನ ರಸ್ತೆ ತೀರ್ಮಾನಿಸುತ್ತದೆ. ಸರಿ. ಆದರೆ ಕಟ್ಟುವವರು ತಮ್ಮ ಗೇಟಿನ ಮುಂದೆ ಒಂದಿಷ್ಟು ಜಾಗ ಬಿಟ್ಟರೆ ಅಲ್ಲಿ ಮಾತ್ರ ರಸ್ತೆ ಅಗಲವಾಗುತ್ತದೆ. ನೂರು ಹೆಜ್ಜೆ ಮುಂದೆ, ಅರಳಿಕಟ್ಟೆಯ ಹತ್ತಿರ, ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಅಗ್ನಿಶಾಮಕ ವಾಹನ ಬರಬೇಕಾದದ್ದೂ ಅದೇ ಅರಳಿಕಟ್ಟೆಯ ದಾರಿಯಲ್ಲಿ. ಮುಖ್ಯರಸ್ತೆಯಿಂದ ಗೇಟಿನವರೆಗೆ ಅತ್ಯಂತ ಇಕ್ಕಟ್ಟಾದ ಜಾಗ ಎಷ್ಟು ಅಗಲವಿದೆಯೋ ಅದೇ ಅಳತೆ ಎಂದು ವಲಯ ನಿಯಮದಲ್ಲಿ ಸೇರಿಸಿ.

4. ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಯನ್ನು ಗ್ರಾಮನಕ್ಷೆ ನೋಡಿ ಗುರುತಿಸಿ. 2019ರ ಸುಪ್ರೀಂ ಕೋರ್ಟ್ ತೀರ್ಪು ಕೆರೆಯ ಸುತ್ತ 75 ಮೀಟರ್ ಮೀಸಲು ಪ್ರದೇಶ ಎಂದಿದ್ದ ಹಸಿರು ನ್ಯಾಯಮಂಡಳಿಯ ಆದೇಶವನ್ನು ರದ್ದು ಮಾಡಿತು. ಆಗ ಉಳಿದದ್ದು ಹಳೆಯ ಯೋಜನೆಯ 30 ಮೀಟರ್. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತ ಮಳೆನೀರು ನುಗ್ಗಿ, ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದನ್ನು ದೇಶವೇ ನೋಡಿತು. ನೀರಿಗೆ ತನ್ನ ಹಳೇ ದಾರಿ ನೆನಪಿರುತ್ತದೆ, ಬೇಸ್‌ಮೆಂಟ್ ಅಗೆದವರಿಗೆ ಇರುವುದಿಲ್ಲ.

5. ಮೆಟ್ರೋ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಹೆಚ್ಚು ಮಹಡಿ ಕೊಡಿ, ಧಾರಾಳವಾಗಿ ಕೊಡಿ. ಆದರೆ ಅಲ್ಲಿ ಚಿಕ್ಕ ಮನೆಗಳಿರಲಿ, ಕಾರು ನಿಲ್ಲಿಸುವ ಜಾಗ ಕಡಿಮೆಯಿರಲಿ. ಮನೆಗೆ ಮೂರು ಕಾರು ಇಡುವವರಿಗೆ ನಿಲ್ದಾಣದ ಪಕ್ಕದ ಜಾಗ ಏಕೆ? ಇದನ್ನು ಬರೆಯುವಾಗ ನಮ್ಮೊಳಗೇ ಜಗಳವಾಯಿತು. ‘ಮಹಡಿ ಏಳಲಿ, ನಮ್ಮ ಕ್ರಾಸಿನಲ್ಲಿ ಬೇಡ’ ಎನ್ನುವವರು ನಮ್ಮಲ್ಲೂ ಇದ್ದಾರೆ. ಮೂವತ್ತು-ನಲವತ್ತರ ಸೈಟಿನಲ್ಲಿ ನಕ್ಷೆಗಿಂತ ಒಂದು ಮಹಡಿ ಹೆಚ್ಚು ಎತ್ತಿ, ಅಕ್ರಮ-ಸಕ್ರಮದ ದಾರಿ ಕಾಯುತ್ತಿರುವವರೂ ಇದ್ದಾರೆ. ನಿಯಮ ನಮಗೂ ಅನ್ವಯಿಸಲಿ.

6. ಹಣ ಕಟ್ಟಿಸಿಕೊಂಡು ಹೆಚ್ಚುವರಿ ಎಫ್‌ಎಆರ್ ಕೊಡುವುದಾದರೆ, ಆ ಹಣ ಅದೇ ವಾರ್ಡಿನ ಒಳಚರಂಡಿಗೆ, ಫುಟ್‌ಪಾತಿಗೆ ಖರ್ಚಾಗಲಿ. ಖರ್ಚಿನ ಲೆಕ್ಕ ವಾರ್ಡ್ ಕಚೇರಿಯ ಗೋಡೆಯ ಮೇಲಿರಲಿ.

7. ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವವರು, ಕಾವಲು ಕಾಯುವವರು, ಬೆಳಗಿನ ಕಸ ಒಯ್ಯುವವರು ಎಲ್ಲಿರಬೇಕು? ದೊಡ್ಡ ಯೋಜನೆಗಳಲ್ಲಿ ಅವರ ಕೈಗೆಟುಕುವ ಬಾಡಿಗೆಯ ಮನೆಗಳಿಗೆ ಪಾಲು ಕಡ್ಡಾಯವಾಗಲಿ.

8. ಸ್ವಾಧೀನಾನುಭವ ಪತ್ರವಿಲ್ಲದೆ ಕೀಲಿಕೈ ಕೊಡುವುದು ನಿಲ್ಲಲಿ.

9. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ, ಕೇಳಲು ಒಬ್ಬ ಚುನಾಯಿತ ಸದಸ್ಯರೂ ಇಲ್ಲದೆ ವರ್ಷಗಟ್ಟಲೆ ನಕ್ಷೆಗಳು ಮಂಜೂರಾಗಿವೆ. ದೊಡ್ಡ ಕಟ್ಟಡದ ಅರ್ಜಿ ಮೊದಲು ವಾರ್ಡ್ ಸಮಿತಿಯ ಮುಂದೆ ಬರಲಿ. ಸಭೆ ಸಂಜೆ ಹೊತ್ತು ನಡೆಯಲಿ. ಹಗಲು ಹನ್ನೊಂದಕ್ಕೆ ಕರೆದರೆ ದುಡಿಯುವವರು ಬರಲಾರರು.

ನಮ್ಮ ರಸ್ತೆಯ ಅಗಲವನ್ನು ಟೇಪು ಹಿಡಿದು ಆರು ಕಡೆ ನಾವೇ ಅಳೆದಿದ್ದೇವೆ, ಪಟ್ಟಿ ಲಗತ್ತಿಸಿದೆ. ನಿಮ್ಮ ಸರ್ವೇಯರ್ ಬಂದು ತಾಳೆ ನೋಡಲಿ. ಭಾನುವಾರವಾದರೂ ಸರಿ, ಅರಳಿಕಟ್ಟೆಯ ಹತ್ತಿರ ಇರುತ್ತೇವೆ.

ಇಂತಿ,
ಸಹಿ ಮಾಡಿದ ನಿವಾಸಿಗಳು