ಪೇಪರ್ ಹಾಸಿದ ಮೇಜು ಮತ್ತು ನಮ್ಮ ಪಂಕ್ತಿಭೇದ



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ, ಪಿಕ್ನಿಕ್ಕಿನ ದಾರಿ ತೋರಿಸುವ ನಕ್ಷೆಯ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: "ಸದಸ್ಯರ ಭಾವನೆಗಳನ್ನು ಗಮನದಲ್ಲಿಟ್ಟುಕೊಂಡು ಈ ವರ್ಷ ಕ್ರಾಫಿಶ್ ಬಾಯ್ಲ್ ಇರುವುದಿಲ್ಲ." ಝೆರಾಕ್ಸ್ ಮಸುಕಾಗಿತ್ತು, ಹಲವರು ಓದಿರಲಿಕ್ಕಿಲ್ಲ. ನಾವು ಓದಿದೆವು. ಓದಿ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಸಂಪಾದಕರಿಗೆ ಫೋನ್ ಮಾಡಿ ಎರಡು ಪುಟ ಕೇಳಿದೆವು. ಕೊಟ್ಟರು, ಅವರಿಗೆ ನಮಸ್ಕಾರ. ಮುಂದಿನ ಸಾಲುಗಳಲ್ಲಿರುವ ಖಾರವೆಲ್ಲ ನಮ್ಮದು, ಅವರದಲ್ಲ.

ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಇಬ್ಬರೂ ಊರಿನಲ್ಲಿ ಎಂಬಿಬಿಎಸ್ ಮಾಡಿ, ಈ ದೇಶದಲ್ಲಿ ರೆಸಿಡೆನ್ಸಿ ಮುಗಿಸಿ, ಜೆ-1 ವೀಸಾದ ಷರತ್ತಿನಂತೆ ಡಾಕ್ಟರು ಸಿಗದ ಕಡೆ ಮೂರು ವರ್ಷ ದುಡಿಯಲು ಲೂಯಿಸಿಯಾನಕ್ಕೆ ಬಂದವರು. ಮೂರು ವರ್ಷ ಎಂದು ಬಂದದ್ದು ಇಪ್ಪತ್ತು ದಾಟಿತು. ನಮ್ಮಲ್ಲಿ ಒಬ್ಬರು ತೀರ್ಥಹಳ್ಳಿ ಕಡೆಯವರು, ಮೀನು ಏಡಿ ತಿಂದು ಬೆಳೆದವರು. ಇನ್ನೊಬ್ಬರು ಅಡಿಗೆಮನೆಗೆ ಬೆಳ್ಳುಳ್ಳಿಯನ್ನೂ ಬಿಡದ ಮೈಸೂರಿನ ಮನೆಯವರು, ಇವತ್ತಿಗೂ ಮೊಟ್ಟೆ ಮುಟ್ಟುವುದಿಲ್ಲ. ಯಾರು ಯಾರೆಂದು ನಿಮಗೆ ಗೊತ್ತೇ ಇದೆ. ಆದ್ದರಿಂದ ಇದನ್ನು ಬರೀ ತಿನ್ನುವವರ ವಕಾಲತ್ತು ಎಂದು ತಳ್ಳಿಹಾಕಬೇಡಿ.

ಹೊಸ ಸದಸ್ಯರಿಗಾಗಿ ಹಿಂದಿನ ಕಥೆ ಹೇಳಬೇಕು. 2016ರ ಆಗಸ್ಟ್ ಮಳೆಯನ್ನು ಇಲ್ಲಿದ್ದವರು ಯಾರೂ ಮರೆತಿಲ್ಲ. ಹೆಸರಿಟ್ಟ ಚಂಡಮಾರುತವೇನೂ ಅಲ್ಲ, ಒಂದೇ ಕಡೆ ನಿಂತು ಸುರಿದ ಮಳೆ. ಲಾಫಯೆಟ್ ಕಡೆಯಿಂದ ಬ್ಯಾಟನ್ ರೂಜ್‌ವರೆಗೆ ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ನಮ್ಮ ಬೀದಿಯಲ್ಲಿ ಸೊಂಟದವರೆಗೆ ನೀರು. ಆವತ್ತು ನಮ್ಮನ್ನೂ, ನಮ್ಮ ಮನೆಯಲ್ಲಿ ಆಸರೆ ಪಡೆದಿದ್ದ ಸಂಘದ ಇನ್ನೆರಡು ಕುಟುಂಬಗಳನ್ನೂ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಒಣನೆಲ ಮುಟ್ಟಿಸಿದವರು ಪಕ್ಕದ ಮನೆಯ ಕೇಜನ್ ಹಿರಿಯರು. ಕ್ರಾಫಿಶ್ ಬೋನು ಎತ್ತಲು ಅವರು ಇಟ್ಟುಕೊಂಡಿದ್ದ ಚಪ್ಪಟೆ ತಳದ ದೋಣಿ ಅದು. ಅದರ ವಾಸನೆಗೆ ಆವತ್ತು ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

ಮರುವರ್ಷದ ವಸಂತದಿಂದ ಆ ಹಿರಿಯರು ನಮ್ಮ ಪಿಕ್ನಿಕ್ಕಿಗೆ ಒಲೆ, ಹಂಡೆ, ಎರಡು ಮೂಟೆ ಕ್ರಾಫಿಶ್ ಹೇರಿಕೊಂಡು ಬಂದು ತಾವೇ ನಿಂತು ಬೇಯಿಸಿ ಬಡಿಸತೊಡಗಿದರು. ಕೋವಿಡ್ ಕಾಲದ ಎರಡು ವರ್ಷ ಬಿಟ್ಟರೆ ತಪ್ಪಿಸಿದ್ದಿಲ್ಲ. 2023ರ ಬರದಿಂದಾಗಿ 2024ರಲ್ಲಿ ಕ್ರಾಫಿಶ್ ಸಿಗದೆ, ಬೆಲೆ ಗಗನಕ್ಕೇರಿ, ಗವರ್ನರು ವಿಪತ್ತು ಎಂದೇ ಘೋಷಣೆ ಹೊರಡಿಸಿದರಲ್ಲ, ಆ ವರ್ಷವೂ ನಮಗೆ ಒಂದು ಮೂಟೆ ಬಂತು. ಅವರಿಗೆ ನಮ್ಮ ಸಂಘ ಈಗ "ಬೇಡ" ಎಂದಿದೆ. ಆ ಮಾತು ಹೇಳಲು ಹೋದವರು ನಾವೇ, ಪಕ್ಕದ ಮನೆಯವರು ತಾನೆ! ಅವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮಿಂದ ಏನಾದರೂ ತಪ್ಪಾಯಿತೆ?" ಉತ್ತರ ನಮ್ಮ ಬಳಿ ಇರಲಿಲ್ಲ. ನಮ್ಮ ಕಮಿಟಿಯ ಬಳಿ ಇದ್ದರೆ ದಯವಿಟ್ಟು ಅವರಿಗೆ ಹೋಗಿ ಹೇಳಲಿ.

ಈ ಪದಾರ್ಥವನ್ನು ಹತ್ತಿರದಿಂದ ನೋಡದವರಿಗೆ ಎರಡು ಮಾತು. ಕ್ರಾಫಿಶ್ ಎಂದರೆ ಸಿಗಡಿಯ ಅಣ್ಣ, ಏಡಿಯ ತಮ್ಮ, ಸಿಹಿನೀರಿನ ಜೀವಿ. ಇಲ್ಲಿ ಅಚಾಫಲಾಯಾದ ಜವುಗಿನಲ್ಲಿ ಹಿಡಿಯುತ್ತಾರೆ, ಭತ್ತದ ಗದ್ದೆಗಳಲ್ಲಿ ಸಾಕುತ್ತಾರೆ. ಬೇಸಿಗೆಯ ಮೊದಲಿಗೆ ಬೆಳೆಯ ನಡುವೆ ಬಿಟ್ಟರೆ ನೀರು ಇಳಿಯುವಾಗ ಮಣ್ಣಿನಲ್ಲಿ ಬಿಲ ತೋಡಿ ಅಡಗುತ್ತದೆ. ಭತ್ತ ಕೊಯ್ದ ಮೇಲೆ ಗದ್ದೆಗೆ ಮತ್ತೆ ನೀರು ಕಟ್ಟಿದರೆ ಮರಿಗಳ ಸಮೇತ ಹೊರಗೆ ಬರುತ್ತದೆ. ಮುಂಗಾರಿನ ಮೊದಲ ಮಳೆಗೆ ಬಿಲದಿಂದ ಹೊರಬೀಳುವ ಏಡಿಯನ್ನು ರಾತ್ರಿ ದೊಂದಿ ಹಿಡಿದು ಹುಡುಕಿದ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1983ರಲ್ಲಿ ಲೂಯಿಸಿಯಾನ ಇದನ್ನು ತನ್ನ ರಾಜ್ಯದ ಲಾಂಛನಗಳಲ್ಲಿ ಒಂದಾಗಿ ಮಾಡಿಕೊಂಡಿತು. ಬ್ರೋ ಬ್ರಿಡ್ಜ್ ಎಂಬ ಪುಟ್ಟ ಊರಿಗೆ 1959ರಲ್ಲಿ ಇಲ್ಲಿನ ಶಾಸನಸಭೆಯೇ ಜಗತ್ತಿನ ಕ್ರಾಫಿಶ್ ರಾಜಧಾನಿ ಎಂದು ಬಿರುದು ಕೊಟ್ಟಿದೆ.

ಬೇಯಿಸುವ ಕ್ರಮವೂ ಸರಳ. ಮೂವತ್ತು ಮೂವತ್ತೈದು ಪೌಂಡಿನ ಒಂದು ಮೂಟೆಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಸತ್ತದ್ದನ್ನು ಆರಿಸಿ ಎಸೆಯಬೇಕು. ಹಂಡೆಯ ನೀರಿಗೆ ಉಪ್ಪು, ನಿಂಬೆ, ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ. ಮಸಾಲೆ ಯಾವುದು ಗೊತ್ತೆ? ಸಾಸಿವೆ, ಧನಿಯ, ಲವಂಗ, ಒಣಮೆಣಸು, ಜೊತೆಗೊಂದು ಬಗೆಯ ಎಲೆ. ನಮ್ಮ ಅಜ್ಜಿಯರ ಸಾಂಬಾರದ ಡಬ್ಬಿಯನ್ನು ಯಾರೋ ಕದ್ದು ತಂದಂತಿದೆ! ನೀರು ಕುದಿದ ಮೇಲೆ ಕ್ರಾಫಿಶ್ ಹಾಕಿ, ಮತ್ತೆ ಕುದಿ ಬಂದು ಮೂರು ನಾಲ್ಕು ನಿಮಿಷಕ್ಕೆ ಉರಿ ಆರಿಸಿ, ಜೋಳದ ತೆನೆ ಹಾಕಿ, ಅರ್ಧ ಗಂಟೆ ನೆನೆಯಲು ಬಿಡುತ್ತಾರೆ. ಉಪ್ಪು ಖಾರ ಒಳಗಿಳಿಯುವುದು ಈ ನೆನೆಯುವ ಹೊತ್ತಿನಲ್ಲಿ. ಆಮೇಲೆ ಉದ್ದನೆಯ ಮೇಜಿನ ಮೇಲೆ ಹಳೆಯ ನ್ಯೂಸ್ ಪೇಪರ್ ಹಾಸಿ ಎಲ್ಲವನ್ನೂ ರಾಶಿ ಸುರಿಯುವುದು. ತಟ್ಟೆಯಿಲ್ಲ, ಚಮಚವಿಲ್ಲ. ಸುತ್ತ ನಿಂತು, ತಲೆ ತಿರುಚಿ, ಬಾಲ ಹಿಂಡಿ ತಿನ್ನುವುದು. ಏಳು ಪೌಂಡ್ ಸುಲಿದರೆ ಸಿಗುವುದು ಒಂದು ಪೌಂಡ್ ತಿರುಳು. ಹಾಗಾಗಿ ಇದು ಹೊಟ್ಟೆ ತುಂಬುವ ಊಟವಲ್ಲ, ಹೊತ್ತು ತುಂಬುವ ಊಟ. ಎರಡು ಗಂಟೆ ನಿಲ್ಲಬೇಕು, ಪಕ್ಕದವರೊಡನೆ ಮಾತಾಡದೆ ವಿಧಿಯಿಲ್ಲ.

ಈಗ ನಮ್ಮ ಊರಿನ ಊಟಗಳನ್ನು ನೆನೆಸಿಕೊಳ್ಳಿ. ಒಳಗಿನ ಪಂಕ್ತಿ ಯಾರದು, ಜಗಲಿಯ ಪಂಕ್ತಿ ಯಾರದು, ಅಂಗಳದಲ್ಲಿ ಕಾದವರು ಯಾರು, ಎಂಜಲೆಲೆ ತೆಗೆದವರು ಯಾರು? ನಾವೆಲ್ಲ ಕಂಡವರೇ, ಕೆಲವರು ಉಂಡವರು, ಕೆಲವರು ಕಾದವರು. ಪೇಪರ್ ಹಾಸಿದ ಮೇಜಿಗೆ ಒಳಗು ಹೊರಗು ಇಲ್ಲ. ಅಲ್ಲಿ ಹೃದ್ರೋಗ ತಜ್ಞರ ಪಕ್ಕ ಪ್ಲಂಬರ್ ನಿಂತಿರುತ್ತಾರೆ, ಇಬ್ಬರ ಮೊಣಕೈಯಲ್ಲೂ ಒಂದೇ ಕೆಂಪು ರಸ ಇಳಿಯುತ್ತಿರುತ್ತದೆ. ಕನಕ ಜಯಂತಿ, ಬಸವ ಜಯಂತಿಗಳ ಭಾಷಣಗಳಲ್ಲಿ ನಾವು ಬಾಯಿತುಂಬ ಹೇಳುವ ಸಮಾನತೆಯನ್ನು ಈ ಜನ ಭಾಷಣವಿಲ್ಲದೆ ಮಾಡಿ ತೋರಿಸುತ್ತಾರೆ.

"ಸದಸ್ಯರ ಭಾವನೆ" ಎಂದಿರಲ್ಲ, ಯಾವ ಸದಸ್ಯರದು? ಉಡುಪಿ ಕಡೆಯ ಒಂದು ಕುಟುಂಬ ಎರಡು ವರ್ಷದಿಂದ ಸಂಘಕ್ಕೆ ಬರುತ್ತಿಲ್ಲ. ಯಾಕೆಂದು ನಾವು ಕೇಳಿದೆವು. ಅವರ ಮಗಳು ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ "ನಮ್ಮ ಮನೆಯ ಊಟ" ಎಂದು ಪ್ರಬಂಧ ಬರೆದು, ಏಡಿ ಸುಕ್ಕದ ವಿಷಯ ಓದಿದಳಂತೆ. ಉಳಿದ ಮಕ್ಕಳು "ಛೀ" ಎಂದರಂತೆ. ಮಕ್ಕಳು, ಬಿಡಿ. ಆದರೆ ದೊಡ್ಡವರೊಬ್ಬರು ಮೆಲ್ಲಗೆ, "ಇದನ್ನೆಲ್ಲ ಸಂಘದಲ್ಲಿ ಹೇಳಬಾರದು ಪುಟ್ಟಿ" ಎಂದರಂತೆ. ಆ ಮಗು ಮತ್ತೆ ಕನ್ನಡ ತರಗತಿಗೆ ಬರಲಿಲ್ಲ. ಅದರ ಭಾವನೆಗೆ ಯಾವ ಕಮಿಟಿ ಸೇರಿತ್ತು?

ಯುಗಾದಿಗೆ ನಾವು ಬೇವು ಬೆಲ್ಲ ಹಂಚುತ್ತೇವೆ, ಸಂತೋಷ. ಮರುದಿನ ಹಳೆ ಮೈಸೂರಿನ ಊರೂರಿನಲ್ಲಿ ನಡೆಯುವ ಹೊಸತೊಡಕಿನ ಬಾಡೂಟದ ಹೆಸರನ್ನಾದರೂ ಒಮ್ಮೆ ನಮ್ಮ ವೇದಿಕೆಯಲ್ಲಿ ಎತ್ತಿದ್ದೇವೆಯೆ? ಕುವೆಂಪು ಅವರ ಫೋಟೋಕ್ಕೆ ಹಾರ ಹಾಕುತ್ತೇವೆ, ಅವರು ಹುಟ್ಟಿ ಬೆಳೆದ ಮಲೆನಾಡಿನ ಅಡಿಗೆಮನೆಯನ್ನು ಬಾಗಿಲ ಹೊರಗೆ ನಿಲ್ಲಿಸುತ್ತೇವೆ. ಕನ್ನಡದ ಊಟ ಎಂದರೆ ಬಿಸಿಬೇಳೆ ಭಾತು, ಹೋಳಿಗೆ ಅಷ್ಟೇ ಎಂದು ನಮ್ಮ ಮಕ್ಕಳು ನಂಬಿದ್ದಾರೆ. ಅದೂ ಕನ್ನಡದ ಊಟವೇ, ನಮ್ಮ ಮನೆಯಲ್ಲೂ ಅದೇ. ಆದರೆ ಅದೊಂದೇ ಅಲ್ಲ.

ಆಕ್ಷೇಪಣೆಗಳನ್ನು ನಾವು ಕೇಳಿದ್ದೇವೆ, ಒಂದೊಂದಾಗಿ ನೋಡೋಣ.

ಕೊಲೆಸ್ಟರಾಲ್ ಎಂದರು ಒಬ್ಬರು. ನಮ್ಮ ಕ್ಲಿನಿಕ್ಕಿಗೇ ಬರುವವರು, ಹೆಸರು ಹೇಳುವುದಿಲ್ಲ. ಕ್ರಾಫಿಶ್‌ನಲ್ಲಿ ಕೊಲೆಸ್ಟರಾಲ್ ಇದೆ, ನಿಜ. ಆದರೆ ಸ್ಯಾಚುರೇಟೆಡ್ ಕೊಬ್ಬು ಬಹಳ ಕಡಿಮೆ. ಆಹಾರದ ಕೊಲೆಸ್ಟರಾಲಿಗೆ ದಿನಕ್ಕೆ 300 ಮಿಲಿಗ್ರಾಂ ಎಂದಿದ್ದ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರ ಆವೃತ್ತಿಯಲ್ಲೇ ಕೈಬಿಟ್ಟಿದೆ. ತುಪ್ಪದ ಹೋಳಿಗೆ ನಾಲ್ಕು ಮುಗಿಸಿ ಈ ಮಾತಾಡಬಾರದು. ಡಾಕ್ಟರಾಗಿ ನಾವು ಹೆದರುವುದು ಬೇರೆ ಎರಡಕ್ಕೆ. ಮೊದಲನೆಯದು ಉಪ್ಪು: ರಕ್ತದೊತ್ತಡ, ಹಾರ್ಟ್ ಫೇಲ್ಯೂರ್ ಇರುವವರು ಕೈ ಬಿಗಿ ಹಿಡಿಯಬೇಕು. ಎರಡನೆಯದು ಅಲರ್ಜಿ: ಸಿಗಡಿ ಏಡಿ ಆಗದವರು ಇದನ್ನು ಮುಟ್ಟಲೇಬಾರದು, ಕುದಿಯುವ ಹಂಡೆಯ ಹಬೆಯಿಂದಲೂ ದೂರವಿರಬೇಕು. ಇವಕ್ಕೆ ಬೇಕಾದ್ದು ಎಚ್ಚರ, ನಿಷೇಧವಲ್ಲ. ಎಪಿನೆಫ್ರಿನ್ ಪೆನ್ ಜೇಬಿನಲ್ಲಿಟ್ಟುಕೊಂಡು ನಾವೇ ಅಲ್ಲಿರುತ್ತೇವೆ.

ಜೀವಂತ ಬೇಯಿಸುವುದು ಹಿಂಸೆ ಎಂದರು ಇನ್ನೊಬ್ಬರು. ಇದು ದೊಡ್ಡ ಮಾತು, ನಾವು ನಗುವುದಿಲ್ಲ. ನಮ್ಮಲ್ಲೊಬ್ಬರು ಆ ಹೊತ್ತಿನಲ್ಲಿ ಹಂಡೆಯ ಹತ್ತಿರ ಹೋಗುವುದಿಲ್ಲ. ಮನಸ್ಸೊಪ್ಪದವರು ತಿನ್ನಬಾರದು. ಆದರೆ ಈ ಮಾತನ್ನು ಕಮಿಟಿಯಲ್ಲಿ ಹೇಳಿದಾಗ ಉಟ್ಟದ್ದು ಮೈಸೂರು ರೇಷ್ಮೆ ಸೀರೆ. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಒಯ್ದ ಗೂಡುಗಳೊಳಗಿನ ಹುಳು ಏನಾಗುತ್ತದೆ ಎಂದು ಅವರಿಗೂ ಗೊತ್ತು. ಹಬೆ ಅದಕ್ಕೂ ಹಬೆಯೇ. ಅಹಿಂಸೆ ನಮ್ಮ ವ್ರತವಾದರೆ ನಮ್ಮ ಸೀರೆಯಿಂದ ಶುರುವಾಗಲಿ, ಬೇರೆಯವರ ಊಟದಿಂದಲ್ಲ.

ಸಸ್ಯಾಹಾರಿಗಳಿಗೆ ಮುಜುಗರ ಎಂಬುದು ಮೂರನೆಯದು. ಇದು ನ್ಯಾಯವಾದ ತೊಂದರೆ, ಪರಿಹಾರವೂ ಸುಲಭ. ಹೊಸ ಹಂಡೆ, ಬೇರೆ ಒಲೆ, ಬೇರೆ ಸೌಟು. ಅದೇ ಮಸಾಲೆಯಲ್ಲಿ ಜೋಳ, ಆಲೂಗೆಡ್ಡೆ, ಅಣಬೆ, ಇಡೀ ಬೆಳ್ಳುಳ್ಳಿ. ಮೈಸೂರಿನ ಮನೆಯಿಂದ ಬಂದ ನಮ್ಮಲ್ಲೊಬ್ಬರು ಈಗ ಆ ಬೆಳ್ಳುಳ್ಳಿಗಾಗಿಯೇ ವರ್ಷವಿಡೀ ಕಾಯುತ್ತಾರೆ. ಅದೇ ಮೇಜಿನ ಆ ತುದಿಗೆ ಅದು, ಈ ತುದಿಗೆ ಇದು. ಮೇಜು ಮಾತ್ರ ಒಂದೇ ಇರಲಿ.

ಕೊನೆಗೆ ಒಂದು ಮಾತು, ನಮ್ಮ ಮಟ್ಟಿಗೆ ಇದೇ ಮುಖ್ಯ. ಪಕ್ಕದ ಮನೆಯ ಹಿರಿಯರ ಪೂರ್ವಿಕರನ್ನು ಬ್ರಿಟಿಷರು 1755ರಿಂದ ಕೆನಡಾದ ಅಕಾಡಿಯಾದಿಂದ ಓಡಿಸಿದರು. ಅಲೆದು ಅಲೆದು ಆ ಜನ ಇಲ್ಲಿಗೆ ಬಂದರು. ಇಲ್ಲಿ 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತು. ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಈ ಹಿರಿಯರ ತಂದೆಯೂ ಪೆಟ್ಟು ತಿಂದವರು. ಸರ್ಕಾರ ತಪ್ಪು ತಿದ್ದಿಕೊಂಡು ಫ್ರೆಂಚಿಗಾಗಿ ಒಂದು ಮಂಡಳಿ ಮಾಡಿದ್ದು 1968ರಲ್ಲಿ, ಅಷ್ಟರಲ್ಲಿ ಒಂದೆರಡು ತಲೆಮಾರಿನ ನಾಲಿಗೆ ಹೋಗಿತ್ತು. ಉಳಿದ ಚೂರುಪಾರು ಫ್ರೆಂಚನ್ನು ನಾವು ಕೇಳಿದ್ದು ಎಲ್ಲಿ? ಶಾಲೆಯಲ್ಲಲ್ಲ, ಈ ಮೇಜಿನ ಸುತ್ತ. ಮುದುಕರು ಸುಲಿಯುತ್ತ ಬೈದಾಡುತ್ತ ನಗುವಾಗ, ಮೊಮ್ಮಕ್ಕಳು ಕಿವಿಗೊಡುವಾಗ.

ಅವರ ಭಾಷೆಯನ್ನು ಹೊರಗಿನವರು ಹೊಡೆದು ಬಿಡಿಸಿದರು. ನಮ್ಮ ಮಕ್ಕಳಿಂದ ಕನ್ನಡವನ್ನು ಯಾರೂ ಹೊಡೆದು ಬಿಡಿಸುತ್ತಿಲ್ಲ. "ಇದನ್ನೆಲ್ಲ ಸಂಘದಲ್ಲಿ ಹೇಳಬಾರದು ಪುಟ್ಟಿ" ಎಂದು ನಾವೇ ಬಿಡಿಸುತ್ತಿದ್ದೇವೆ. ಮನೆಯ ಊಟದ ಹೆಸರನ್ನು ಹೇಳಲಾಗದ ಭಾಷೆಯಲ್ಲಿ ಯಾವ ಮಗು ಮಾತಾಡೀತು?

ನಮ್ಮ ಬೇಡಿಕೆ ಮೂರು. ಆ ಒಂದು ಸಾಲನ್ನು ಕಮಿಟಿ ಹಿಂದಕ್ಕೆ ತೆಗೆದುಕೊಳ್ಳಲಿ. ಎರಡನೆಯ ಹಂಡೆಯ ಖರ್ಚು ನಮ್ಮದು. ಮತ್ತು ಅಧ್ಯಕ್ಷರು, ಕಾರ್ಯದರ್ಶಿಗಳು ನಮ್ಮ ಜೊತೆ ಎರಡು ಮನೆಗಳಿಗೆ ಬರಲಿ: ಒಂದು ಉಡುಪಿಯವರ ಮನೆಗೆ, ಇನ್ನೊಂದು ಪಕ್ಕದ ಹಿರಿಯರ ಮನೆಗೆ. ಆ ದೋಣಿಯಲ್ಲಿ ಕೂತಿದ್ದ ಎರಡು ಕುಟುಂಬಗಳವರಲ್ಲಿ ಒಬ್ಬರು ಈಗ ಕಮಿಟಿಯಲ್ಲೇ ಇದ್ದಾರೆ. ಅವರಿಗೆ ದಾರಿ ತೋರಿಸಬೇಕಾಗಿಲ್ಲ.

ಜನರಲ್ ಬಾಡಿ ಮೀಟಿಂಗಿನಲ್ಲಿ ಈ ವಿಷಯ ನಾವು ಎತ್ತುವವರೇ. ವಿರೋಧಿಸುವವರು ಖಂಡಿತ ಬನ್ನಿ, ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಿರಿ. ಜಗಳ ಆಡಿದ ಮೇಲೆ ಊಟಕ್ಕೆ ನಮ್ಮ ಮನೆಗೇ ಬನ್ನಿ. ಏನು ತಿನ್ನುತ್ತೀರಿ ಎಂದು ಮೊದಲೇ ತಿಳಿಸಿ, ಎರಡೂ ಒಲೆ ಹಚ್ಚಿರುತ್ತೇವೆ.