ತವರಿಗೆ ಹೋದವರ ಅಡ್ರೆಸ್ ಯಾವುದು?

ಆಸ್ಪತ್ರೆ ಸಾಫ್ಟ್‌ವೇರ್ ಅಂದ್ರೆ ನಾವು ಮೊದಲು ಬರೆಯೋದು ಪೇಷೆಂಟ್ ಟೇಬಲ್: ಹೆಸರು, ವಯಸ್ಸು, ಅಡ್ರೆಸ್. ಈ ಅಡ್ರೆಸ್ ಒಂದೇ ಕಾಲಂ ಆಗಿರಬಾರದು ಅನ್ನೋದು ನಮ್ಮ ವಾದ.

ಅರಕಲಗೂಡಿನಿಂದ ಜಿನನಾಥಪುರಕ್ಕೆ ಸೊಸೆಯಾಗಿ ಬಂದವರೊಬ್ಬರನ್ನು ಊಹಿಸಿಕೊಳ್ಳಿ. ತಾಯಿ ಕಾರ್ಡ್ ಆಗೋದು ಗಂಡನ ಊರಲ್ಲಿ, ಚೊಚ್ಚಲ ಹೆರಿಗೆ ತವರಲ್ಲಿ. ಅಡ್ರೆಸ್ ತಿದ್ದಿದರೆ ಇಲ್ಲಿನ ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಆಕೆ ಮಾಯ. ತಿದ್ದದಿದ್ದರೆ ಅಲ್ಲಿನ ಆಶಾಗೆ ಆಕೆ ಬಂದಿರೋದೇ ಗೊತ್ತಾಗಲ್ಲ. ರಕ್ತ ಕಡಿಮೆ ಇರೋ ಬಸುರಿಗೆ ಇದು ಬರೀ ಡೇಟಾ ಸಮಸ್ಯೆಯಲ್ಲ. 14 ಅಂಕಿಯ ಆಭಾ ನಂಬರ್ ಆಕೆ ಯಾರು ಅಂತ ಹೇಳುತ್ತೆ, ಈಗ ಎಲ್ಲಿದ್ದಾರೆ ಅಂತಲ್ಲ.

‘ವಾಸ’ ಬೇರೆ ಟೇಬಲ್ ಆಗಲಿ: ಊರು, ಯಾವಾಗಿಂದ, ಎಲ್ಲಿಯವರೆಗೆ, ಆಶಾ ಯಾರು. ಕೆಲಸ ಮಾಡೋರ ಮಾತೇ ಕೋಡ್‌ನಲ್ಲೂ ಇರಬೇಕು ಅಂತ ಎರಿಕ್ ಇವಾನ್ಸ್ 2003ರಲ್ಲೇ ಬರೆದಿದ್ದಾರೆ. ಮಿನಿ ಪ್ರಾಜೆಕ್ಟ್ ವೈವಾದಲ್ಲಿ ‘ಯಾವ ಆಶಾನ ಮಾತಾಡಿಸಿದ್ರಿ?’ ಅಂತಾನೂ ಕೇಳಲಿ.