‘ಲ’ ಬಂತು, ಹಾಡ್ರಿ!

ಕನ್ನಡದಲ್ಲಿ ಅಂತ್ಯಾಕ್ಷರಿ ಆಡಿದವರಿಗೆಲ್ಲ ಒಂದು ಸತ್ಯ ಗೊತ್ತಿರುತ್ತದೆ. ‘ಲ’ ಬಂತೆಂದರೆ ಕಥೆ ಮುಗೀತು. ಮನೆಯಲ್ಲಿ, ಮನದಲ್ಲಿ, ಮಳೆಯಲ್ಲಿ ಅಂತ ಮುಗಿಯುವ ಸಾಲುಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಆದರೆ ‘ಲ’ದಿಂದ ಶುರುವಾಗುವ ಹಾಡು ಎಷ್ಟು ನೆನಪಾಗುತ್ತವೆ ಹೇಳಿ? ಒಂದೆರಡು ಲಾಲಿ ಹಾಡು, ಆಮೇಲೆ ತಲೆ ಕೆರೆದುಕೊಳ್ಳೋದೇ. ಹಿಂದಿಯಲ್ಲಿ ‘ಹೈ’ ಕಾಟ ಇದ್ದ ಹಾಗೆ ನಮಗೆ ‘ಅಲ್ಲಿ’ ಕಾಟ. ಅವರಿಗಾದರೂ ‘ಹ’ದಿಂದ ಶುರುವಾಗುವ ಹಾಡುಗಳು ಬೇಕಾದಷ್ಟಿವೆ.

‘ಳ’ ಅಥವಾ ‘ಣ’ ಬಂದರಂತೂ ದೇವರೇ ಗತಿ. ಕನ್ನಡದ ಪದಗಳು ಆ ಅಕ್ಷರಗಳಿಂದ ಶುರುವಾಗುವುದೇ ಇಲ್ಲ. ಹಾಗಾಗಿ ಅಂತ್ಯಾಕ್ಷರಿ ಆಡುವ ಪ್ರತಿ ಮನೆಗೂ ತನ್ನದೇ ಒಂದು ಸಂವಿಧಾನ ಇರುತ್ತದೆ. ನಮ್ಮದು ಹೀಗಿತ್ತು: ‘ಳ’ ಬಂದರೆ ‘ಲ’, ‘ಣ’ ಬಂದರೆ ‘ನ’. ಒಮ್ಮೆ ಹಾಡಿದ ಹಾಡು ಆ ರಾತ್ರಿ ಮತ್ತೆ ಬರುವ ಹಾಗಿಲ್ಲ. ಮತ್ತು ಎರಡು ಸಾಲು ಹಾಡಿದರೆ ಸಾಕು, ಅಲ್ಲಿಗೆ ಸರದಿ ಮುಗಿಯಿತು.

ಈ ಕೊನೆಯ ನಿಯಮದ ಬಗ್ಗೆಯೇ ಇವತ್ತು ಬರೆಯಬೇಕಿದೆ. ಅದಕ್ಕೂ ಮೊದಲು ಆಟದ ಜಾಗ ಸ್ವಲ್ಪ ತೋರಿಸಿಬಿಡುತ್ತೇನೆ.

ನಮ್ಮೂರು ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ. ನಮ್ಮಲ್ಲಿ ಆಟದ ಸೀಸನ್ ಅಂದರೆ ನಾಗರಪಂಚಮಿ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ನವಲಗುಂದದಿಂದ ದೊಡ್ಡತ್ತಿ, ಅಣ್ಣಿಗೇರಿಯಿಂದ ಸಣ್ಣತ್ತಿ, ಅವರ ಹಿಂದೆ ಐದು ಮಕ್ಕಳು. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ. ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ಹೊರಗೆ ಗಂಡಸರು ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟಿಕೊಂಡು ಹೊಲದ ದಾರಿ ಹಿಡಿದರೆ, ಪಡಸಾಲೆ ಪೂರ್ತಿ ನಮ್ಮ ಕೈಗೆ.

ಅಲ್ಲಿ ಹಾಸುತ್ತಿದ್ದ ಜಮಖಾನ ದೊಡ್ಡತ್ತಿ ತಂದುಕೊಟ್ಟದ್ದು. ನವಲಗುಂದದ ಜಮಖಾನ ಹೆಸರುವಾಸಿ, ಜಿಐ ಟ್ಯಾಗ್ ಕೂಡ ಇದೆ. ಅದನ್ನು ಮಗ್ಗದಲ್ಲಿ ನೇಯುವವರು ಹೆಣ್ಣುಮಕ್ಕಳು. ಪಗಡೆಯ ಮನೆಗಳನ್ನೇ ಚಿತ್ರವಾಗಿ ನೇಯ್ದ ಹಾಸುಗಳೂ ಅದರಲ್ಲಿವೆ. ನಮ್ಮದರಲ್ಲಿ ನವಿಲಿತ್ತು. ಹಾಗಾಗಿ ಚೌಕಾಬಾರಾದ ಐದೈದು ಮನೆಯನ್ನು ಪಕ್ಕದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದೆವು.

ಆಡದವರಿಗಾಗಿ ಎರಡೇ ಮಾತು. ನಾಲ್ಕು ಕವಡೆ ಎಸೆಯಬೇಕು. ಎಷ್ಟು ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕಾ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಇವೆರಡಕ್ಕೂ ಇನ್ನೊಂದು ಸಲ ಎಸೆಯುವ ಅವಕಾಶ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಅಂದರೆ ಯಾರಿಗೂ ತೊಂದರೆ ಕೊಡದೆ ನನ್ನ ಪಾಡಿಗೆ ನಾನು ಮುಂದೆ ಹೋಗುತ್ತೇನೆ ಅನ್ನೋ ಒಳ್ಳೆಯವರಿಗೆ ಈ ಆಟದಲ್ಲಿ ಜಾಗ ಇಲ್ಲ!

ಮುಂದೆ ಎಂಜಿನಿಯರಿಂಗ್‌ನಲ್ಲಿ ಪ್ರಾಬಬಿಲಿಟಿ ಓದುವಾಗ ಇದನ್ನೇ ಲೆಕ್ಕ ಹಾಕಿ ನೋಡಿದ್ದೆ. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ ಒಟ್ಟು 16 ಸಾಧ್ಯತೆ. ಅದರಲ್ಲಿ ಚೌಕಾಕ್ಕೆ ಒಂದು, ಬಾರಾಕ್ಕೆ ಒಂದು. ಒಂದು ಅಥವಾ ಮೂರು ಬೀಳಲು ತಲಾ ನಾಲ್ಕು. ಎರಡು ಬೀಳಲು ಆರು. ನಮ್ಮ ಆಯಿ ಶಾಲೆಯ ಮುಖ ನೋಡಿದವಳಲ್ಲ. ಆದರೆ ಆಕೆಯ ಕಾಯಿ ಯಾವಾಗಲೂ ನಮ್ಮ ಕಾಯಿಗಿಂತ ಸರಿಯಾಗಿ ಎರಡು ಮನೆ ಹಿಂದೆ ಬಂದು ನಿಂತಿರುತ್ತಿತ್ತು.

ಚೌಕಾಬಾರಾಕ್ಕೆ ಕವಡೆ ಇದ್ದರೆ ಸಾಕು. ಅಂತ್ಯಾಕ್ಷರಿಗೆ ಸ್ಟಾಕ್ ಬೇಕು. ರಾತ್ರಿ ಕರೆಂಟ್ ಹೋದ ಕೂಡಲೇ ಎರಡು ಟೀಮು ಆಗುತ್ತಿದ್ದವು. ವರ್ಷವಿಡೀ ಯಾರು ಯಾವ ಹಾಡಿನ ಹುಚ್ಚು ಹಿಡಿಸಿಕೊಂಡಿದ್ದಾರೆ ಅನ್ನೋದು ಅಲ್ಲಿ ಬಯಲಾಗುತ್ತಿತ್ತು.

ಅಪ್ಪನದ್ದು ಸಿ. ಅಶ್ವತ್ಥ್ ಹುಚ್ಚು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಕ್ಯಾಸೆಟ್ ನಾನು ಹುಟ್ಟುವ ಮೊದಲೇ ಮನೆಗೆ ಬಂದಿತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಅದರ ಧ್ವನಿ ಅಲ್ಲಲ್ಲಿ ನೀರಿನೊಳಗಿಂದ ಕೇಳಿಸಿದ ಹಾಗಿರುತ್ತಿತ್ತು. ಶಿಶುನಾಳ ನಮಗೆ ಪಕ್ಕದ ಶಿಗ್ಗಾಂವಿ ತಾಲ್ಲೂಕು. ಊರ ಭಜನೆಯವರು ಏಕತಾರಿ, ದಮ್ಮಡಿ ಹಿಡಿದು ಶರೀಫರ ಅದೇ ಪದಗಳನ್ನು ಬೇರೆಯೇ ಧಾಟಿಯಲ್ಲಿ ಹಾಡುತ್ತಿದ್ದರು. ಹಾಗಾಗಿ ಅಪ್ಪ ಹಾಡು ಎತ್ತಿಕೊಂಡರೆ ಆಯಿಯ ತಕರಾರು ಗ್ಯಾರಂಟಿ.

“ಅದು ಹಂಗಲ್ಲೋ ತಮ್ಮಾ, ನೀ ಹಾಡಾಕತ್ತಿದ್ದು ಸಿನೆಮಾದ್ದು.”

“ಎರಡೂ ಶರೀಫಜ್ಜಂದ ಬೇ.”

“ಪದ ಅಜ್ಜಂದು. ಧಾಟಿ ಯಾರದು?”

ಅಕ್ಕನ ಹುಚ್ಚು ಭಾವಗೀತೆ. ಈಟಿವಿಯಲ್ಲಿ ಎಸ್‌ಪಿಬಿ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ಶುರುವಾಯಿತೆಂದರೆ ನೋಟ್‌ಬುಕ್ ಹಿಡಿದು ಕೂರುತ್ತಿದ್ದಳು. ಹಾಡುಗಳನ್ನು ಮೊದಲ ಅಕ್ಷರದ ಪ್ರಕಾರ ಜೋಡಿಸಿ ಬರೆಯುತ್ತಿದ್ದಳು, ‘ಲ’ಕ್ಕೆ ಎರಡು ಪುಟ ಖಾಲಿ ಬಿಟ್ಟು! ನನ್ನ ಸರದಿ ಬಂದದ್ದು ‘ಮುಂಗಾರು ಮಳೆ’ಯೊಂದಿಗೆ. ಸಿನಿಮಾ ತೆರೆಕಂಡದ್ದು 2006ರ ಕೊನೆಗೆ. 2007ರ ಪಂಚಮಿಯಲ್ಲಿ ಎರಡೂ ಟೀಮಿಗೂ ಜಯಂತ ಕಾಯ್ಕಿಣಿ, ಯೋಗರಾಜ ಭಟ್ಟರ ಹಾಡುಗಳೇ ಬೇಕು. ಯಾರು ಮೊದಲು ಹಾಡಿ ಖರ್ಚು ಮಾಡುತ್ತಾರೆ ಅನ್ನೋದೇ ಜಗಳ.

ಆಮೇಲೆ ಮೆಮೊರಿ ಕಾರ್ಡ್ ಕಾಲ. ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುವುದು. ಅಂಗಡಿಯವನ ಹುಚ್ಚು ಯಾವುದೋ ನಮ್ಮದೂ ಅದೇ. ಹಿಂದೆಯೇ ರಿಂಗ್‌ಟೋನ್, ಕಾಲರ್ ಟ್ಯೂನ್ ಬಂದವು. ಹಾಡು ಅರ್ಧ ನಿಮಿಷಕ್ಕೆ ಇಳಿಯಿತು. ಈಗ ರೀಲ್ಸ್‌ನಲ್ಲಿ ಇನ್ನೂ ಕಡಿಮೆ. ಆದರೆ ಹಾಡನ್ನು ಮೊಟಕು ಮಾಡಿದ್ದು ಬರೀ ಫೋನು ಅಂತ ಹೇಳೋ ಹಾಗಿಲ್ಲ. ನಮ್ಮ ಪಡಸಾಲೆಯ ಎರಡು ಸಾಲಿನ ನಿಯಮ ಅದಕ್ಕಿಂತ ಹಳೆಯದು.

ಈ ನಿಯಮಕ್ಕೆ ಸೊಪ್ಪು ಹಾಕದವರು ಇಬ್ಬರೇ. ಒಬ್ಬ ಕಾಕಾ. ಕುಂದಗೋಳ ಅಂದರೆ ಸವಾಯಿ ಗಂಧರ್ವರ ಊರಲ್ಲವೇ? ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಇಬ್ಬರೂ ಅವರ ಬಳಿ ಕಲಿತವರು. ಅವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ನಡೆಯುವ ಸಂಗೀತ ಕೇಳಲು ಕಾಕಾ ತಪ್ಪಿಸದೆ ಹೋಗಿ ರಾತ್ರಿಯಿಡೀ ಕೂರುತ್ತಿದ್ದ. ದೊಡ್ಡವರ ಬಾಲ್ಯದ ಹುಚ್ಚಿನ ಕಥೆಗಳನ್ನು ನಮಗೆ ಹೇಳಿದ್ದೂ ಅವನೇ. ಪುಟ್ಟ ಭೀಮಸೇನ ಬ್ಯಾಂಡು, ಭಜನೆಯ ಮೆರವಣಿಗೆಗಳ ಹಿಂದೆ ಹೋಗಿ ಕಳೆದುಹೋಗುತ್ತಿದ್ದನಂತೆ, ಅದಕ್ಕೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಅಂತ ಬರೆಸಿದ್ದರಂತೆ. ಗಂಗೂಬಾಯಿ ಚಿಕ್ಕವರಿದ್ದಾಗ ಗ್ರಾಮೋಫೋನ್ ಕೇಳಲು ಬೀದಿಗೆ ಓಡುತ್ತಿದ್ದರಂತೆ. ಇಂಥ ಕಾಕಾ ಅಂತ್ಯಾಕ್ಷರಿಗೆ ನಯಾಪೈಸೆಯ ಉಪಯೋಗಕ್ಕೆ ಬರುತ್ತಿರಲಿಲ್ಲ. ಖಯಾಲ್ ಅಂದರೆ ನಾಲ್ಕಾರು ಸಾಲನ್ನು ಒಂದು ತಾಸು ಹಿಗ್ಗಿಸುವ ವಿದ್ಯೆ. ಅವನು ಆಲಾಪ ಶುರು ಮಾಡಿದರೆ ಎದುರು ಟೀಮಿನವರು “ಅಕ್ಷರ ಎಲ್ಲೈತ್ರಿ ಕಾಕಾ, ಅಕ್ಷರ?” ಅಂತ ಗದ್ದಲ.

ಇನ್ನೊಬ್ಬಳು ಆಯಿ. ಅಕ್ಷರ ಕೊಟ್ಟರೆ ಆಕೆಗೆ ಒಂದು ಹಾಡೂ ನೆನಪಾಗುತ್ತಿರಲಿಲ್ಲ. ಹಾಡು ಗೊತ್ತಿಲ್ಲ ಅಂತಲ್ಲ. ಒಮ್ಮೆ ಆಕೆಯೇ ಗುಟ್ಟು ಬಿಟ್ಟುಕೊಟ್ಟಳು.

“ಅಕ್ಷರ ಹೇಳಿದ್ರ ಹಾಡು ಹೆಂಗ ನೆನಪಾಗಬೇಕು? ಕೆಲಸ ಹೇಳು.”

ಇದನ್ನು ಬಳಸಿಕೊಂಡವಳು ಅಕ್ಕ. “ಆಯಿ, ಜೋಳ ಬೀಸಾಕ ಕುಂತೀ ಅಂತ ತಿಳಕೋ” ಅಂದರೆ ಆಯಿಯ ಬಲಗೈ ಗಾಳಿಯಲ್ಲೇ ಕಲ್ಲಿನ ಗೂಟ ಹಿಡಿದು ತಿರುಗುತ್ತಿತ್ತು. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಹಾಡು ಬರುತ್ತಿತ್ತು. ತೊಟ್ಟಿಲು ತೂಗಿದರೆ ಬೇರೆ, ಜೋಕಾಲಿಗೆ ಬೇರೆ, ಕುಬಸಕ್ಕೆ ಬೇರೆ. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಡೇಟಾ ಎಲ್ಲ ಇತ್ತು, ಇಂಡೆಕ್ಸ್ ಮಾತ್ರ ಬೇರೆ. ನಮ್ಮ ಹಾಡುಗಳು ಸಿನಿಮಾ ಹೆಸರಿನ ಕೆಳಗೆ ಜೋಡಣೆಯಾಗಿದ್ದವು, ಆಕೆಯವು ಕೈಕೆಲಸದ ಕೆಳಗೆ. ಅವು ಯಾವ ಮೊದಲ ಅಕ್ಷರದಿಂದ ಶುರುವಾಗುತ್ತವೆ ಅಂತ ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಕ್ಷರ ಬಂದಾಗ ಕೆಲಸದ ಹೆಸರು ಹೇಳಿ ಆಯಿಯನ್ನು ಎಬ್ಬಿಸಿದರಾಯಿತು. ಆಯಿ ಎರಡು ಸಾಲು ಹಾಡುತ್ತಿದ್ದಳು, ನಾವು “ಸಾಕು ಸಾಕು, ‘ದ’ ಬಂತು” ಅನ್ನುತ್ತಿದ್ದೆವು.

ಇದರಲ್ಲೇ ಎಡವಟ್ಟು ಇರೋದು. ನಮ್ಮ ಕಡೆಯ ಬೀಸುವ ಪದಗಳು ಹೆಚ್ಚಾಗಿ ತ್ರಿಪದಿ. ಮೂರೇ ಸಾಲು. ಹಾಡುವಾಗ ಎರಡನೇ ಸಾಲಿನ ತುಣುಕು ಮತ್ತೆ ಬಂದು ನಾಲ್ಕಾದ ಹಾಗೆ ಕೇಳುತ್ತದೆ. ಮೊದಲೆರಡು ಸಾಲು ತವರನ್ನೋ ಮಳೆಯನ್ನೋ ಕೂಸನ್ನೋ ಕರೆತಂದು ನಿಲ್ಲಿಸುತ್ತವೆ. ಹಾಡಿದವಳ ಮನಸ್ಸಿನ ಮಾತು ಬಹಳಷ್ಟು ಸಲ ಇರುವುದು ಮೂರನೆಯದರಲ್ಲಿ. ಸಿನಿಮಾ ಹಾಡಿಗೆ ಎರಡು ಸಾಲಿನ ನಿಯಮದಿಂದ ನಷ್ಟವಿಲ್ಲ, ಉಳಿದದ್ದು ಯೂಟ್ಯೂಬ್‌ನಲ್ಲಿ ಸಿಗುತ್ತದೆ. ತ್ರಿಪದಿಗೆ ಎರಡೇ ಸಾಲು ಅಂದರೆ ಮೂರನೇ ಒಂದು ಭಾಗ ಮಾಯ.

ಆಯಿ ತೀರಿಹೋಗಿ ಆರು ವರ್ಷ. ಕಳೆದ ವರ್ಷ ಅಕ್ಕ ಆ ನೋಟ್‌ಬುಕ್ ತೆಗೆದು ಆಯಿಯ ಹಾಡುಗಳನ್ನು ಒಂದು ಶೀಟ್‌ನಲ್ಲಿ ತುಂಬಿ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಒಟ್ಟು 23 ಹಾಡು. ಮೊದಲ ಸಾಲಿನ ಕಾಲಂ ಭರ್ತಿ, ಎರಡನೆಯದೂ ಭರ್ತಿ, ಮೂರನೆಯದು ಮೇಲಿಂದ ಕೆಳಗೆ ಬೆಳ್ಳಗೆ. ಆಟದಲ್ಲಿ ಕೇಳಿದ್ದಷ್ಟೇ ನಮಗೆಲ್ಲ ಬಾಯಿಗೆ ಬಂದದ್ದು.

ಹುಡುಕಾಟ ಶುರುವಾಯಿತು. ಹಲಸಂಗಿಯ ಗೆಳೆಯರು ಊರೂರಿನ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ತಂದ ‘ಗರತಿಯ ಹಾಡು’ ಸಂಕಲನ ತರಿಸಿದೆವು. ನಾಲ್ಕು ಹಾಡು ಹೆಚ್ಚು ಕಡಿಮೆ ಹೊಂದಿದವು. ಆದರೆ ದೊಡ್ಡತ್ತಿ ಒಪ್ಪಲಿಲ್ಲ. “ಇದು ಅವರ ಕಡೆಯದು. ನಮ್ಮವ್ವ ಹಿಂಗ ಹಾಡ್ತಿರಲಿಲ್ಲ.” ಹಾಗಾದರೆ ಹೇಗೆ ಅಂತ ಕೇಳಿದರೆ ಆಕೆಗೂ ನೆನಪಿಲ್ಲ. ಫೋನಿನಲ್ಲಿ ಕೇಳಿದೆವು, ವಿಡಿಯೊ ಕಾಲ್‌ನಲ್ಲಿ ಕೇಳಿದೆವು. ಪ್ರತಿಸಲವೂ “ತಲ್ಯಾಗ ಐತಿ, ಬಾಯಿಗೆ ಬರವಲ್ದು” ಅನ್ನೋ ಉತ್ತರ.

ಪಂಚಮಿಗೆ ಊರಲ್ಲಿ ಸೇರಿದಾಗ ಅಕ್ಕನಿಗೆ ಆಯಿಯ ಗುಟ್ಟು ನೆನಪಾಯಿತು. ಅಕ್ಷರ ಕೇಳಬಾರದು, ಕೆಲಸ ಹೇಳಬೇಕು. ದೊಡ್ಡತ್ತಿಯನ್ನು ಜೋಕಾಲಿಯ ಮೇಲೆ ಕೂರಿಸಿದೆವು. ಅರವತ್ತರ ಮಂಡಿನೋವು, “ಬ್ಯಾಡ್ರೋ, ಬಿದ್ದರ ಯಾರು ನೋಡಾವ್ರು” ಅಂತ ಬೈಗುಳ ಬೇರೆ. ಆದರೂ ಜೋಕಾಲಿ ಒಂದು ಹದಕ್ಕೆ ಬಂದ ಮೇಲೆ ಹಾಡು ಬಂತು. ಎರಡು ಸಾಲಿಗೆ ನಿಲ್ಲಲಿಲ್ಲ, ಯಾರೂ ನಿಲ್ಲಿಸಲಿಲ್ಲ. ಅಟ್ಟದ ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ಕೆಳಗಿಳಿಸಿದೆವು. ಸಣ್ಣತ್ತಿ, ಅವ್ವ ಎದುರುಬದುರು ಕೂತು ಒಂದು ಹಿಡಿ ಜೋಳ ಹಾಕಿ ತಿರುಗಿಸಿದರು. ಒಬ್ಬರು ಎತ್ತಿಕೊಂಡದ್ದನ್ನು ಇನ್ನೊಬ್ಬರು ಮುಗಿಸಿದರು. ಪುಸ್ತಕದಲ್ಲಿ ಯಾವುದೋ ಊರಿನ ಹೆಸರಿದ್ದ ಜಾಗದಲ್ಲಿ ಅವರ ಬಾಯಲ್ಲಿ ನಮ್ಮೂರಿನ ಹೆಸರು ಬಂತು.

ಎರಡು ದಿನಕ್ಕೆ ಒಂಬತ್ತು ಹಾಡಿನ ಮೂರನೇ ಸಾಲು ಸಿಕ್ಕಿತು. ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದೇವೆ, ಹಿನ್ನೆಲೆಯಲ್ಲಿ ಕಲ್ಲಿನ ಗರಗರ ಸದ್ದು, ಮಕ್ಕಳ ಕೂಗಾಟ ಸಮೇತ. ಉಳಿದ ಹದಿನಾಲ್ಕು ಇನ್ನೂ ಖಾಲಿ. ಕೆಲವು ಬಹುಶಃ ಆಯಿಯ ಜೊತೆಗೇ ಹೋದವು. ಆದರೆ ಅಳ್ಳು ಹುರಿಯುವಾಗ, ಕೂಸಿಗೆ ಎಣ್ಣೆ ಹಚ್ಚುವಾಗ ಏನಾದರೂ ಬರಬಹುದು ಅಂತ ದೊಡ್ಡತ್ತಿ ಅನ್ನುತ್ತಾಳೆ. ಸಣ್ಣತ್ತಿಯ ಮಗಳಿಗೆ ಈಗ ಎರಡು ತಿಂಗಳ ಕೂಸಿದೆ, ನೋಡೋಣ.

ಮನೆಯ ಸಂವಿಧಾನಕ್ಕೆ ತಿದ್ದುಪಡಿಯೂ ಆಗಿದೆ. ಸಿನಿಮಾ ಹಾಡಿಗೆ ಎರಡೇ ಸಾಲು, ಹಳೇ ಪದಕ್ಕೆ ಮುಗಿಯುವ ತನಕ ಸಮಯ. ನೀವೂ ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಹಿರಿಯರಿಗೆ ‘ಲ’ ಕೊಟ್ಟು ಪೀಡಿಸಬೇಡಿ. ಕೈಗೊಂದು ಕೆಲಸ ಕೊಡಿ, ಅವಸರ ಮಾಡದೆ ಪಕ್ಕದಲ್ಲಿ ಕೂತುಕೊಳ್ಳಿ. ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ಅಲ್ಲೇ ನೆಲದ ಮೇಲಿಟ್ಟರೆ ಸಾಕು.